ಬಿಳಿಯಾದ ಹವಳ ಸತ್ತ ಹಾಗೇನಾ?

ಬಿಳಿಚಿಕೊಂಡ ಹವಳ ಸತ್ತೇ ಹೋಯಿತಾ ಅಂತ ಕೇಳಿದ್ದೀರಿ. ಇಲ್ಲ, ತಕ್ಷಣ ಸಾಯುವುದಿಲ್ಲ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬಣ್ಣ ಬರುವುದು ಬಹುಮಟ್ಟಿಗೆ ಅದರಿಂದ, ಹೊಟ್ಟೆ ತುಂಬುವುದೂ ಅದರಿಂದಲೇ. ನೀರು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಬರೀ 1 ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಆಗ ಗಾಜಿನಂಥ ತೊಗಲಿನೊಳಗಿಂದ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು. ಆದರೆ ಪುರುಸೊತ್ತು ಸಿಗಬೇಕಲ್ವಾ? ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬಸಾಲು ಗ್ರೇಟ್ ಬ್ಯಾರಿಯರ್ ರೀಫ್ 2016, 2017, 2020, 2022, 2024ರಲ್ಲಿ ದೊಡ್ಡ ಮಟ್ಟದಲ್ಲಿ ಬಿಳಿಚಿಕೊಂಡಿತ್ತು.

ಸಮುದ್ರದ ನೀರಿನ ಆಮ್ಲೀಯತೆ ಹೆಚ್ಚುವುದು ಬೇರೆ ಕಾಟ, ಸ್ವಲ್ಪ ನಿಧಾನದ್ದು. ನೀರು ಕಾರ್ಬನ್ ಡೈಆಕ್ಸೈಡ್ ಹೀರಿದಷ್ಟೂ ಗೂಡು ಕಟ್ಟಲು ಬೇಕಾದ ಕಾರ್ಬೊನೇಟ್ ಕಮ್ಮಿಯಾಗುತ್ತದೆ. ಸಮುದ್ರವೇ ಆಸಿಡ್ ಆಗುತ್ತದೆ ಅನ್ನುವುದೆಲ್ಲ ಸುಮ್ನೆ, ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕೆಳಗಿದ್ದರೆ ಆಸಿಡ್) ಸ್ವಲ್ಪ ಇಳಿದಿದ್ದರೂ ಈಗಲೂ 8.1ರ ಆಸುಪಾಸಿನಲ್ಲಿದೆ. ಹವಳಕ್ಕೆ ಅಷ್ಟು ಇಳಿಕೆಯೂ ಭಾರವೇ.