ಮತದಾರರಿಗಿಂತ ಮತಗಳೇ ಜಾಸ್ತಿ ಯಾಕೆ?

ಎಣಿಕೆ ತಪ್ಪಿರಲಿಕ್ಕಿಲ್ಲ. ನಿಮ್ಮದು ಬಹುಶಃ ಎರಡು ಸೀಟಿನ ವಾರ್ಡ್. ಇಂಗ್ಲೆಂಡಿನ ಮಿಡ್ ಸಫೊಕ್ ಜಿಲ್ಲಾ ಕೌನ್ಸಿಲ್‌ನ 2023ರ ಚುನಾವಣಾ ಫಲಿತಾಂಶದಲ್ಲಿ, ಓಟು ಹಾಕಿದವರಿಗಿಂತ ಮತಗಳ ಮೊತ್ತ ಹೆಚ್ಚಿದೆ ಎಂದಿದ್ದೀರಿ. ಅಲ್ಲಿ ಒಟ್ಟು 34 ಸದಸ್ಯರು. ಕೆಲವು ವಾರ್ಡ್‌ಗೆ ಒಬ್ಬರು, ಕೆಲವಕ್ಕೆ ಇಬ್ಬರು. ಇಬ್ಬರಿರುವಲ್ಲಿ ಒಂದೇ ಮತಪತ್ರದಲ್ಲಿ ಎರಡು ಹೆಸರಿನ ಮುಂದೆ ಕ್ರಾಸ್ ಹಾಕಬಹುದು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಹೀಗೇ ಅಲ್ವಾ?

ಮೊದಲು ಕೌನ್ಸಿಲ್ ವೆಬ್‌ಸೈಟಿನಲ್ಲಿ ನಿಮ್ಮ ವಾರ್ಡಿನ ಫಲಿತಾಂಶ ಘೋಷಣೆಯ ಹಾಳೆ ತೆರೆಯಿರಿ. ಎಷ್ಟು ಜನರ ಹೆಸರಿನ ಮುಂದೆ 'ಆಯ್ಕೆ' ಎಂದಿದೆ ನೋಡಿ. ಇಬ್ಬರಿದ್ದರೆ, 1,000 ಮತಪತ್ರಕ್ಕೆ 2,000 ಮತಗಳವರೆಗೂ ಬರಬಹುದು. ಎಷ್ಟೋ ಜನ ಒಂದೇ ಕ್ರಾಸ್ ಹಾಕಿ ಬರುತ್ತಾರೆ, ಹಾಗಾಗಿ ಸರಿಯಾಗಿ ದುಪ್ಪಟ್ಟು ಆಗುವುದಿಲ್ಲ. ಆಮೇಲೆ ಕೆಳಗಿನ ತಿರಸ್ಕೃತ ಮತಪತ್ರಗಳ ಲೆಕ್ಕ ನೋಡಿ. ಮೂರು ಕ್ರಾಸ್ ಹಾಕಿದ್ದು ಅಲ್ಲಿ ಸೇರಿರುತ್ತದೆ. ಶೇಕಡಾವಾರು ಮತದಾನವನ್ನು ಮತಪತ್ರಗಳ ಸಂಖ್ಯೆಯಿಂದ ಲೆಕ್ಕ ಹಾಕಿ, ಮತಗಳ ಮೊತ್ತದಿಂದ ಬೇಡ.

ನೀವು ವಾರ್ಡಿನ ಹೆಸರು ಬರೆದಿಲ್ಲ. ಆಯ್ಕೆಯಾದವರು ಒಬ್ಬರೇ ಆಗಿದ್ದರೆ ಈ ಕಾರಣ ಹೊಂದುವುದಿಲ್ಲ. ಆಗ ಆ ಹಾಳೆಯನ್ನೇ ಲಗತ್ತಿಸಿ ಕೌನ್ಸಿಲ್‌ನ ಚುನಾವಣಾ ವಿಭಾಗಕ್ಕೆ ಇಮೇಲ್ ಮಾಡಿ.