ಕಾರು ತಗ್ಗಿಸಿದರೆ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೇ?

ಪ್ರಶ್ನೆ: ನನ್ನದು 2019ರ ಸ್ವಿಫ್ಟ್. ಸಿರುಗುಪ್ಪದಿಂದ ಬಳ್ಳಾರಿಗೆ ದಿನಾ ಓಡಾಟ. ಸ್ಪ್ರಿಂಗ್ ಒಂದೂವರೆ ಸುತ್ತು ಕಟ್ ಮಾಡಿಸಿದರೆ ಕಾರು 40 ಮಿಲಿಮೀಟರ್ ತಗ್ಗುತ್ತದೆ, ತಿರುವಿನಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ ಅಂತ ಗೆಳೆಯರು ಹೇಳ್ತಾರೆ. ಖರ್ಚೂ ಕಡಿಮೆ. ಮಾಡಿಸಲೇ?
— ಓದುಗರು, ಸಿರುಗುಪ್ಪ

ಗೆಳೆಯರ ಮಾತಿನಲ್ಲಿ ಅರ್ಧ ನಿಜವಿದೆ. ತಿರುವಿನಲ್ಲಿ ಒಳಗಾಲಿಯ ಭಾರ ಹೊರಗಾಲಿಗೆ ಸರಿಯುತ್ತದೆ. ಕಾರಿನ ಭಾರಕೇಂದ್ರ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು ಸರಿಯುತ್ತದೆ. ಅದು ನೆಲದಿಂದ 55 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ. 4 ಸೆಂಟಿಮೀಟರ್ ತಗ್ಗಿಸಿದರೆ ಸರಿಯುವ ಭಾರ ನೂರಕ್ಕೆ ಏಳರಷ್ಟು ಕಡಿಮೆಯಾಗುತ್ತದೆ. ಲಾಭ ಇಷ್ಟು.

ಇನ್ನರ್ಧವನ್ನು ಕಾರಿನ ಕೆಳಗೆ ಮಲಗಿದವರೇ ನೋಡಬೇಕು. ಸ್ವಿಫ್ಟಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ ಕೂಡಿದ ಜೋಡಣೆ ಅದು. ಅದರ ಲೋಯರ್ ಆರ್ಮ್, ಅಂದರೆ ಗಾಲಿಯನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು, ಗಾಲಿಯ ಕಡೆಗೆ ತುಸು ಇಳಿಜಾರಾಗಿರುವಂತೆ ಕೂಡಿಸಿರುತ್ತಾರೆ. ಕಾರು ತಗ್ಗಿಸಿದಾಗ ಆ ಇಳಿಜಾರು ಹೋಗಿ ಆರ್ಮ್ ಮಟ್ಟಸವಾಗುತ್ತದೆ, ಕೆಲವೊಮ್ಮೆ ಗಾಲಿಯ ತುದಿಯೇ ಮೇಲೇಳುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದಕ್ಕೆ ರೋಲ್ ಸೆಂಟರ್ ಅಂತೀವಿ. ಭಾರಕೇಂದ್ರ 4 ಸೆಂಟಿಮೀಟರ್ ಇಳಿದರೆ ಈ ಬಿಂದು ಅದಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಹಾರೆಕೋಲು. ಹಾರೆ ಉದ್ದವಾದಷ್ಟೂ ಬಂಡೆ ಸಲೀಸಾಗಿ ಏಳುತ್ತದಲ್ಲ, ಹಾಗೆ ತಗ್ಗಿಸಿದ ಕಾರನ್ನು ವಾಲಿಸುವ ಬಲವೂ ಹೆಚ್ಚುತ್ತದೆ. ಅದರ ಜೊತೆಗೆ ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡಿನ ಕೋನವೂ ಬದಲಾಗುತ್ತದೆ. ಆಮೇಲೆ ಉಬ್ಬು ಹತ್ತಿದಾಗೆಲ್ಲ, ನೀವು ತಿರುಗಿಸದಿದ್ದರೂ, ಗಾಲಿ ತಾನೇ ಒಂದಿಷ್ಟು ತಿರುಗುತ್ತದೆ.

ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದೂವರೆ ತೆಗೆದರೆ ಸ್ಪ್ರಿಂಗಿನ ಬಿಗಿ ಮೂರನೇ ಒಂದು ಪಾಲು ಏರುತ್ತದೆ. ಆ ಬಿಗಿಯನ್ನು ತಡೆದು ನಿಲ್ಲಿಸುವ ಶಕ್ತಿ ಕಂಪನಿಯ ಶಾಕ್ ಅಬ್ಸಾರ್ಬರಿಗೆ ಇರುವುದಿಲ್ಲ, ಕಾರು ಕುಣಿಯುತ್ತದೆ. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಲಿ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಡಬಹುದು. ಗ್ಯಾಸ್ ಕಟರಿನಿಂದ ಕತ್ತರಿಸಿದರೆ ಬೆಂಕಿ ತಾಗಿದ ಕಡೆ ಉಕ್ಕಿನ ಹದವೂ ಹೋಗುತ್ತದೆ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ನನ್ನ ಝೆನ್ ಕಾರಿನ ಸ್ಪ್ರಿಂಗುಗಳನ್ನು ನಾನೇ ನಿಂತು ಕತ್ತರಿಸಿಸಿದ್ದೆ. ನುಣುಪು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಒಂದು ಸಂಜೆ ಸಂಡೂರಿನ ಗುಡ್ಡದ ತಿರುವು, ಪಕ್ಕದಲ್ಲಿ ತಮ್ಮ ಕೂತಿದ್ದ. ಅದಿರು ಲಾರಿಗಳು ತುಳಿದು ತುಳಿದು ಅಲ್ಲಿ ಟಾರು ಅಲೆಯೆದ್ದಿತ್ತು. ತಿರುವಿನ ಮಧ್ಯೆ ಮುಂದಿನ ಸಸ್ಪೆನ್ಷನ್ ಬಂಪ್ ಸ್ಟಾಪಿಗೆ ಬಡಿಯಿತು. ಅಲ್ಲಿಗೆ ಸ್ಪ್ರಿಂಗಿನ ಆಟ ಮುಗಿದಂತೆ, ಗಾಲಿಗೂ ಬಾಡಿಗೂ ನಡುವೆ ಉಳಿಯುವುದು ಗಟ್ಟಿ ರಬ್ಬರ್ ಮಾತ್ರ. ಮುಂದಿನ ಹೊರಗಾಲಿಯ ಮೇಲೆ ಭಾರವೆಲ್ಲ ಒಮ್ಮೆಲೇ ಬಿತ್ತು, ಟೈರು ಹಿಡಿತ ಬಿಟ್ಟಿತು. ಸ್ಟೀರಿಂಗ್ ತಿರುಗಿಸಿದ್ದರೂ ಕಾರು ನೆಟ್ಟಗೆ ಎದುರು ಬದಿಗೆ ಹೋಯಿತು. ಆ ಹೊತ್ತಿಗೆ ಎದುರಿಂದ ಲಾರಿ ಬರಲಿಲ್ಲ. ತಮ್ಮ ಏನೂ ಮಾತಾಡದೆ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದು ಈಗಲೂ ಕಣ್ಣ ಮುಂದಿದೆ. ಮರುದಿನವೇ ಹೊಸ ಸ್ಪ್ರಿಂಗ್ ಹಾಕಿಸಿದೆ. ಗಾಲಿಗಳ ಕೋನ ಸರಿಹೊಂದಿಸುವ ಈ ಅಲೈನ್‌ಮೆಂಟ್ ಕೆಲಸಕ್ಕೆ ಬಿದ್ದದ್ದೂ ಆಮೇಲೆಯೇ.

ನಿಮ್ಮ ದಾರಿಯೂ ನೆನಪಿರಲಿ. ಸಿರುಗುಪ್ಪ ಕಡೆಯದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ರಸ್ತೆಯೂ ಅದರ ಜೊತೆ ಏರಿಳಿಯುತ್ತದೆ. ಇಂಥ ಅಲೆಗಳಲ್ಲಿ ಗಾಲಿಗೆ ಮೇಲೆ ಕೆಳಗೆ ಆಡಲು ಜಾಗ ಬೇಕು. ನೀವು ಕಳೆಯಲು ಹೊರಟಿರುವುದು ಅದೇ ಜಾಗವನ್ನು. ನಿಮ್ಮ ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರ 163 ಮಿಲಿಮೀಟರ್. 40 ಕಳೆದರೆ ಉಳಿಯುವುದು 123, ಅದೂ ಖಾಲಿ ಕಾರಿಗೆ. ಅಳತೆ ಹಿಡಿದು ಮಾಡಿದ ಹಂಪೇ 100 ಮಿಲಿಮೀಟರ್ ಎತ್ತರ ಇರುತ್ತದೆ. ನಮ್ಮ ಊರುಗಳ ಬಾಯಲ್ಲಿ ಹಾಕುವ ಹಂಪುಗಳಿಗೆ ಯಾರು ಅಳತೆ ಹಿಡಿಯುತ್ತಾರೆ? ಐದು ಜನ ಕೂತು ಒಂದು ಅಕ್ಕಿ ಮೂಟೆ ಹಾಕಿದರೆ ಎಂಜಿನ್ನಿನ ತಳದಲ್ಲಿರುವ ಆಯಿಲ್ ಸಂಪಿನ, ಅಂದರೆ ಎಣ್ಣೆ ತೊಟ್ಟಿಯ, ಗತಿ ಯೋಚಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂಬುದೂ ಗಮನದಲ್ಲಿರಲಿ.

ಆ ದುಡ್ಡಿಗೆ ಹೊಸ ಶಾಕ್, ಲೋಯರ್ ಆರ್ಮ್ ಕೀಲಿನ ರಬ್ಬರ್ ಬುಷ್ ಹಾಕಿಸಿ. ಟೈರಿನ ಗಾಳಿ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಇರಲಿ. ಬುಷ್ ಸವೆದ ಕಾರಿಗೆ ಇಷ್ಟು ಮಾಡಿದರೇ ತಿರುವಿನಲ್ಲಿ ಬೇರೆ ಕಾರು ಓಡಿಸಿದಂತೆ ಅನಿಸುತ್ತದೆ.

ಪ್ರಶ್ನೆ: ತಗ್ಗಿನ ಸ್ಪ್ರಿಂಗ್ ಸೆಟ್ ಹಾಕಿಸಿದ ಮೇಲೆ ಮುಂದಿನ ಎರಡೂ ಟೈರುಗಳ ಒಳ ಅಂಚು ಬೋಳಾಗಿದೆ. ಸ್ಪ್ರಿಂಗ್ ಹಾಕಿಸುವ ಹಿಂದಿನ ವಾರವೇ ಅಲೈನ್‌ಮೆಂಟ್ ಮಾಡಿಸಿದ್ದೆ. ಟೈರು ಕಳಪೆಯೇ?
— ಓದುಗರು, ಕೊಪ್ಪಳ

ಟೈರಿನ ತಪ್ಪಿಲ್ಲ. ಎತ್ತರ ಬದಲಾದ ಕ್ಷಣವೇ ನಿಮ್ಮ ಹಳೇ ಅಲೈನ್‌ಮೆಂಟ್ ಲೆಕ್ಕಕ್ಕಿಲ್ಲ. ಗಾಲಿಯ ಮೇಲ್ತುದಿ ಒಳಕ್ಕೆ ವಾಲಿದೆ, ಜೊತೆಗೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳ ಮುಂತುದಿ ತಿರುಗಿರುವ ಕೋನ, ಹೊರಕ್ಕೆ ತೆರೆದಿರಬೇಕು. ಟೈರನ್ನು ಹೆಚ್ಚು ತಿನ್ನುವುದು ಈ ಟೋ. ಹೊಸ ಸ್ಪ್ರಿಂಗ್ ಕೆಲವು ದಿನ ಓಡಿ ಕುಳಿತುಕೊಂಡ ಮೇಲೆ ಮತ್ತೆ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟಿನ ನೇರವನ್ನೂ ಅಂದೇ ನೋಡಿಸಿ.

ಪ್ರಶ್ನೆ: ನನ್ನ ಕಾರಿನ ಹಿಂಭಾಗ ಕುಸಿದಂತಿದೆ. ಹೊಲದ ದಾರಿಗೆ ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿ ಎತ್ತರಿಸಬಹುದೇ?
— ಓದುಗರು, ಮಾನ್ವಿ

ಬೇಡ. ರಬ್ಬರ್ ಸಿಕ್ಕಿಸಿದ ಸುತ್ತು ಆಡುವುದಿಲ್ಲ, ಅದರ ಪಾಲಿನ ಹೊರೆ ಪಕ್ಕದ ಸುತ್ತುಗಳ ಮೇಲೆ ಬೀಳುತ್ತದೆ. ಮೊದಲು ಸ್ಪ್ರಿಂಗ್ ಕುಸಿದಿದೆಯೇ ಅಂತ ತಿಳಿಯಬೇಕು. ಸಮ ನೆಲದಲ್ಲಿ ಖಾಲಿ ಕಾರು ನಿಲ್ಲಿಸಿ, ಗಾಲಿಯ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪು ಹಿಡಿಯಿರಿ. ನಾಲ್ಕೂ ಗಾಲಿಯ ಅಳತೆ, ಕಾರಿನ ಮಾದರಿ, ವರ್ಷ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.