ಲಘು-ಗುರು, ಪ್ರಾಸ, ಅಲಂಕಾರ ಎಲ್ಲ ಬೇಗ ಬಾಯಿಪಾಠ ಮಾಡುವುದು ಹೇಗೆ?

ಪಟ್ಟಿ ಕೊಡಿ, ವಾರದೊಳಗೆ ಬಾಯಿಪಾಠ ಮಾಡ್ತೇನೆ ಅಂದಿದ್ದೀರಿ. ಕೊಡಲ್ಲ. ನನ್ನ ಹತ್ತಿರವೂ ಅಂಥದ್ದೊಂದು ಪಟ್ಟಿ ಇತ್ತು, ಅದೇ ನನ್ನನ್ನು ಕೆಡಿಸಿದ್ದು.

ನಮ್ಮೂರು ತೀರ್ಥಹಳ್ಳಿ ಕಡೆ. ಡಿಗ್ರಿ ಓದಲು ಶಿವಮೊಗ್ಗಕ್ಕೆ ಬಂದಾಗ ಕಾಲೇಜಿನಲ್ಲಿ ಪದ್ಯ ಬರೆಯುವ ಸ್ಪರ್ಧೆ ಇಟ್ಟಿದ್ದರು. ಭಾಮಿನಿ ಷಟ್ಪದಿಯಲ್ಲೇ ಬರೆಯಬೇಕು. ಆರು ಸಾಲು. 1, 2, 4, 5ನೇ ಸಾಲಿಗೆ 3-4-3-4ರ ಲೆಕ್ಕದಲ್ಲಿ 14 ಮಾತ್ರೆ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ: ಚಿಕ್ಕದಾಗಿ ಹೇಳುವ ಲಘುವಿಗೆ ಒಂದು, ಎಳೆದು ಅಥವಾ ಭಾರ ಬಿಟ್ಟು ಹೇಳುವ ಗುರುವಿಗೆ ಎರಡು. 3 ಮತ್ತು 6ನೇ ಸಾಲು ಉದ್ದ, ಕೊನೆಗೊಂದು ಗುರು ಸೇರಿ 23. ಎಲ್ಲ ಸಾಲಿನಲ್ಲೂ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದು ಆದಿಪ್ರಾಸ. ನಾನು 'ಣ' ಹಿಡಿದೆ. ಶುರು ಚೆನ್ನಾಗಿಯೇ ಬಂತು:

ಕಣಿವೆ ತುಂಬಿತು ಸೋನೆ ಮಳೆಯಲಿ
ಹಣತೆ ಹಚ್ಚಿದಳಮ್ಮ ಜಗಲಿಯ

ನಾಲ್ಕನೇ ಸಾಲಿಗೆ ಬರುವಾಗ 'ಣ' ಖಾಲಿ. 'ಕ್ಷಣ ಬೆಳಗಿತು ಕಾಡ ನಡುವಿನ' ಅಂತ ಬರೆದು, ಎಣಿಸಿ, 14 ಸಿಕ್ಕಿತು ಅಂತ ಕೊಟ್ಟುಬಿಟ್ಟೆ.

ತೀರ್ಪಿಗೆ ಬಂದ ಹಿರಿಯರು ಗಮಕಿಗಳು, ಅಂದರೆ ಕಾವ್ಯವನ್ನು ರಾಗವಾಗಿ ಹಾಡುವವರು. ಓದಲಿಲ್ಲ, ತೊಡೆ ತಟ್ಟುತ್ತಾ ಹಾಡಿದರು. ನಾಲ್ಕನೇ ಸಾಲಿಗೆ ಕೈ ನಿಂತಿತು. ಮತ್ತೆ ಮೊದಲಿಂದ ಹಾಡಿದರು, ಅಲ್ಲೇ ನಿಂತಿತು. 'ಅಲ್ಲ ಮಾರಾಯ, ಒಂದು ಮಾತ್ರೆ ಎಲ್ಲಿ ಬಿಟ್ಟೆ?' ಅಂದರು.

ಆಗಿದ್ದು ಇಷ್ಟು. ಒತ್ತಕ್ಷರ ಬಂದರೆ ಗುರು ಅಂತ ನನ್ನ ಪಟ್ಟಿಯಲ್ಲಿತ್ತು. ನಾನು ಆ ಒತ್ತಕ್ಷರಕ್ಕೇ ಎರಡು ಮಾತ್ರೆ ಹಾಕುತ್ತಿದ್ದೆ. ಗುರು ಆಗುವುದು ಒತ್ತಕ್ಷರ ಅಲ್ಲ, ಅದರ ಹಿಂದಿನ ಅಕ್ಷರ. 'ಬೆಟ್ಟದ' ಅನ್ನಿ. 'ಬೆಟ್' ಅಂತ ನಾಲಿಗೆ ಭಾರ ಬಿಡುವುದು ಬೆ ಮೇಲೆ. ಹಾಗಾಗಿ ಬೆ ಗುರು, ಟ್ಟ ಲಘು, ದ ಲಘು. ನಾನು ಮಾಡುತ್ತಿದ್ದದ್ದು ಬೆ 1, ಟ್ಟ 2, ದ 1. ಹೇಗೆ ಕೂಡಿದರೂ ನಾಲ್ಕೇ! ಅದಕ್ಕೇ ಎರಡು ವರ್ಷ ತಪ್ಪು ಗೊತ್ತಾಗಲಿಲ್ಲ. ಹಚ್ಚಿದ, ಅಕ್ಕ, ಅಮ್ಮ, ಎಲ್ಲದರಲ್ಲೂ ಮೊತ್ತ ಸರಿ ಬರುತ್ತಿತ್ತು. ಸಾಲು ಒತ್ತಕ್ಷರದಿಂದಲೇ ಶುರುವಾದಾಗ ಬಣ್ಣ ಬಯಲಾಯ್ತು. 'ಕ್ಷಣ'ದಲ್ಲಿ ಕ್ಷ ಒಂದು, ಣ ಒಂದು. ಎರಡೇ. ಕ್ಷದ ಹಿಂದಿನ ಅಕ್ಷರ ಮೂರನೇ ಸಾಲಿನ ಕೊನೆಯದು, ಅದು ಮೊದಲೇ ಗುರು, ಅಲ್ಲಿಂದಲೂ ಏನೂ ಸಿಗಲ್ಲ. ಮುಂದಿನ 'ಬೆ' ಎಳೆದುಕೊಳ್ಳೋಣ ಅಂದರೆ ಎರಡನೇ ಗಣಕ್ಕೆ (3 ಅಥವಾ 4 ಮಾತ್ರೆಯ ಒಂದೊಂದು ಗುಂಪೂ ಒಂದು ಗಣ) 'ಳಗಿತು' ಮೂರೇ ಉಳಿಯುತ್ತದೆ, ಇನ್ನೊಂದಕ್ಕೆ 'ಕಾ' ಒಡೆಯಬೇಕು. ಗುರುವನ್ನು ಒಡೆಯಲು ಬರುವುದಿಲ್ಲ. 'ಕ್ಷಣದಿ' ಅಂತ ಒಂದಕ್ಷರ ಸೇರಿಸಿದ್ದರೆ ಸಾಕಿತ್ತು.

ಬಹುಮಾನ ಹೋಯ್ತು, ಅದು ದೊಡ್ಡದಲ್ಲ. ಆಮೇಲೆ ನಾಲ್ಕು ವರ್ಷ ಒಂದು ಸಾಲೂ ಬರೆಯಲಿಲ್ಲ. ಅದು ಈಗಲೂ ನೋಯುತ್ತದೆ.

ಅದಕ್ಕೇ ಹೇಳ್ತೇನೆ, ಇದು ಬಾಯಿಪಾಠದ ವಿಷಯವೇ ಅಲ್ಲ, ಕಿವಿಯದ್ದು. ಶಿವಮೊಗ್ಗದ ಹತ್ತಿರ ತುಂಗಾ ದಂಡೆಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಕುಮಾರವ್ಯಾಸ ಭಾರತ ಪೂರ್ತಿ ಭಾಮಿನಿಯಲ್ಲಿದೆ. ಯಾರಾದರೂ ಗಮಕಿ ಹಾಡುವಾಗ ಹತ್ತಿರ ಕೂತು ಕೇಳಿ. 3-4ರ ನಡೆ ತಾನೇ ಮೈಗೆ ಹತ್ತುತ್ತದೆ.

ಅಲಂಕಾರ ಇಷ್ಟು ಕಷ್ಟ ಇಲ್ಲ. ಮಂಜು ಕಂಬಳಿಯ ಹಾಗೆ ಗುಡ್ಡದ ಮೇಲೆ ಬಿದ್ದಿದೆ ಅಂದರೆ ಉಪಮೆ. ಮಂಜಿನ ಕಂಬಳಿ ಹೊದ್ದ ಗುಡ್ಡ ಅಂದರೆ ರೂಪಕ, ಎರಡೂ ಒಂದೇ ಆಗಿಹೋಯ್ತು. 'ಅಂತೆ, ಹಾಗೆ' ಹುಡುಕಿ ಗುರುತು ಹಾಕುವ ಅಭ್ಯಾಸ ಮಾತ್ರ ಬೇಡ. 'ನಾಳೆ ಮಳೆಯಂತೆ' ಅನ್ನುವುದರಲ್ಲಿ ಯಾವ ಉಪಮೆ ಇದೆ? ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ, ಯಾವ ಗುಣಕ್ಕೆ ಅಂತ ಕೇಳಿಕೊಳ್ಳಿ.

ಇವತ್ತು ಸಂಜೆ ಒಂದೇ ಕೆಲಸ ಮಾಡಿ. 'ಹಣತೆ ಹಚ್ಚಿದಳಮ್ಮ ಜಗಲಿಯ' ಇದನ್ನು ತಟ್ಟಿಕೊಂಡು ಗಟ್ಟಿಯಾಗಿ ಹೇಳಿ. 'ಹಚ್ಚಿದಳಮ್ಮ' ಎಲ್ಲಿ ಎರಡು ಗಣವಾಗಿ ಒಡೆಯುತ್ತದೆ ಗಮನಿಸಿ, ಆಮೇಲೆ ಪ್ರಸ್ತಾರ ಹಾಕಿ, ಅಂದರೆ ಒಂದೊಂದು ಅಕ್ಷರದ ಮೇಲೂ ಲಘು-ಗುರು ಗುರುತು ಹಾಕಿ. ನನಗೆ ಕಳಿಸಿದರೆ ನೋಡಿ ಹೇಳ್ತೇನೆ.